ಎದ್ದು ನಿಂತ ಸಭೆ ಕೇಳಿಸಿಕೊಂಡಿತೆ?

ನಾಟಕವೊಂದು ಸಿದ್ಧಿಸಿತೋ ಇಲ್ಲವೋ ಎಂಬುದನ್ನು ಪ್ರೇಕ್ಷಕನಿಂದಲೇ ತಿಳಿಯಬೇಕೆಂದು ಬಗೆದವನು ಭರತಮುನಿ. ನಾಟ್ಯಶಾಸ್ತ್ರದ 27ನೆಯ ಅಧ್ಯಾಯವು ಈ ವಿಚಾರಕ್ಕಾಗಿಯೇ ಮೀಸಲಾಗಿದೆ. ಅಲ್ಲಿ ಸಿದ್ಧಿಯು ಎರಡು ಬಗೆ: ಮಾನುಷೀ ಮತ್ತು ದೈವಿಕೀ. ಮುಗುಳ್ನಗೆ, ಅರ್ಧಹಾಸ, ಅಟ್ಟಹಾಸ, 'ಸಾಧು' 'ಅಹೋ' 'ಕಷ್ಟಂ' ಎಂಬ ಉದ್ಗಾರಗಳು, ರೋಮಾಂಚ, ಆಸನದಿಂದ ಏಳುವುದು, ವಸ್ತ್ರವನ್ನು ಕೊಡುವುದು ಮೊದಲಾದವು ಮಾನುಷೀ ಸಿದ್ಧಿಯ ಕುರುಹುಗಳು. ದೈವಿಕೀ ಸಿದ್ಧಿಯ ಲಕ್ಷಣವಾದರೋ ಬೇರೆ. ರಂಗಮಂದಿರ ತುಂಬಿರುತ್ತದೆ, ಸದ್ದಿಲ್ಲ, ಕ್ಷೋಭೆಯಿಲ್ಲ, ಉತ್ಪಾತವಿಲ್ಲ. ಎದ್ದು ನಿಲ್ಲುವ 'ಅಭ್ಯುತ್ಥಾನ'ವನ್ನು ಮನುಷ್ಯರ ಮೆಚ್ಚುಗೆಯ ಪಟ್ಟಿಯಲ್ಲಿಟ್ಟು, ತುಂಬಿದ ಸಭೆಯ ಮೌನವನ್ನು ದೇವತೆಗಳ ಪಾಲಿಗೆ ಬಿಟ್ಟ ಈ ವಿವೇಕ ಇಂದಿಗೂ ಚಿಂತನಾರ್ಹವಾದುದು. ದೀರ್ಘವೂ ಕಠಿಣವೂ ಆದ ನಾಟಕವೊಂದರಲ್ಲಿ ಸಮರ್ಥ ನಟನೊಬ್ಬನು ಪ್ರಧಾನ ಪಾತ್ರವನ್ನು ವಹಿಸಿದಾಗ, ಈ ಎರಡು ಸಿದ್ಧಿಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣಿಸುತ್ತದೆ. ಅಂತಹ ನಾಟಕಗಳಿಗೆ ಉತ್ತಮ ನಿದರ್ಶನ ಅಮೆರಿಕದ ಯೂಜೀನ್ ಓನೀಲನ 'ದಿ ಐಸ್‌ಮನ್ ಕಮೆತ್'.

1936ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರನಾದ ಓನೀಲ್ ಈ ನಾಟಕವನ್ನು ಬರೆದದ್ದು 1939ರಲ್ಲಿ. ಕಥೆ ನಡೆಯುವುದು 1912ರ ನ್ಯೂಯಾರ್ಕಿನ ಒಂದು ಅಗ್ಗದ ಹೆಂಡದಂಗಡಿಯಲ್ಲಿ. ಯೌವನದಲ್ಲಿ ಅಂತಹುದೇ ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸಿಸಿದ್ದ ಓನೀಲನಿಗೆ ಆ ಲೋಕ ಅಪರಿಚಿತವಲ್ಲ. ಅಂಗಡಿಯ ಮಾಲಿಕ ಹ್ಯಾರಿ ಹೋಪ್, ಹೆಂಡತಿ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಹೊಸ್ತಿಲು ದಾಟಿಲ್ಲ. ಅಲ್ಲಿರುವವರೆಲ್ಲರೂ 'ನಾಳೆ'ಯ ಭಕ್ತರು. ನಾಳೆ ಕೆಲಸಕ್ಕೆ ಸೇರುತ್ತೇನೆ, ನಾಳೆ ಊರಿಗೆ ಮರಳುತ್ತೇನೆ ಎಂಬ ಹಗಲುಗನಸಿನ ಆಸರೆಯಲ್ಲಿ ಬದುಕುವವರು. ವರ್ಷಕ್ಕೆ ಎರಡು ಬಾರಿ ಬಂದು ಎಲ್ಲರಿಗೂ ಕುಡಿಸಿ ನಗಿಸುವ ಹಿಕಿ ಎಂಬ ಮಾರಾಟಗಾರನಿಗಾಗಿ ಅವರು ಕಾದಿದ್ದಾರೆ. ಈ ಬಾರಿ ಹಿಕಿ ಬರುತ್ತಾನೆ, ಆದರೆ ಕುಡಿಯುವುದಿಲ್ಲ. ಕನಸುಗಳನ್ನು ತೊರೆಯಿರಿ, ನಿಮ್ಮನ್ನು ನೀವು ಇದ್ದಂತೆಯೇ ನೋಡಿಕೊಳ್ಳಿರಿ, ಆಗ ಶಾಂತಿ ದೊರೆಯುತ್ತದೆ ಎಂದು ಒಬ್ಬೊಬ್ಬರನ್ನೂ ಹಿಡಿದು ಬೋಧಿಸುತ್ತಾನೆ. ಫಲವಾಗಿ ದೊರೆಯುವುದು ಶಾಂತಿಯಲ್ಲ. ದ್ವೇಷ, ಭಯ ಮತ್ತು ಜಡತೆ. ಕೊನೆಯ ಅಂಕದ ಸುದೀರ್ಘ ಆತ್ಮನಿವೇದನೆಯಲ್ಲಿ, ತನ್ನನ್ನು ಮತ್ತೆ ಮತ್ತೆ ಕ್ಷಮಿಸುತ್ತಲೇ ಇದ್ದ ಹೆಂಡತಿ ಈವ್ಲಿನಳನ್ನು ತಾನು ಕೊಂದು ಬಂದಿರುವುದಾಗಿ ಹಿಕಿ ಹೇಳುತ್ತಾನೆ.

ಕತ್ತರಿಸದೆ ಆಡಿದರೆ ಈ ನಾಟಕಕ್ಕೆ ನಾಲ್ಕು ಗಂಟೆಗೂ ಮಿಕ್ಕಿ ಕಾಲ ಬೇಕು. 1946ರ ಅಕ್ಟೋಬರ್ 9ರಂದು ಬ್ರಾಡ್‌ವೇಯ ಮಾರ್ಟಿನ್ ಬೆಕ್ ರಂಗಮಂದಿರದಲ್ಲಿ ಮೊದಲ ಪ್ರಯೋಗವಾದಾಗ, ಸಂಜೆ ನಾಲ್ಕೂವರೆಗೆ ಆರಂಭಿಸಿ ನಡುವೆ ಊಟಕ್ಕೆ ಬಿಡುವು ಕೊಡಬೇಕಾಯಿತು. ಹನ್ನೆರಡು ವರ್ಷಗಳ ಬಳಿಕ ಓನೀಲನ ಹೊಸ ನಾಟಕವೊಂದು ಅಲ್ಲಿ ರಂಗಕ್ಕೆ ಬಂದಿದ್ದುದರಿಂದ ಕುತೂಹಲಕ್ಕೆ ಕೊರತೆಯಿರಲಿಲ್ಲ. ಆದರೂ ಆ ಪ್ರಯೋಗ 136 ಪ್ರದರ್ಶನಗಳಿಗೆ ನಿಂತಿತು. ಹಿಕಿಯ ಪಾತ್ರ ವಹಿಸಿದ್ದ ಜೇಮ್ಸ್ ಬಾರ್ಟನ್ ಮೊದಲ ರಾತ್ರಿ ಕೊನೆಯ ಅಂಕದ ವೇಳೆಗೆ ದಣಿದು ಮಾತು ತಡವರಿಸಿದನೆಂಬುದು ರಂಗಚರಿತ್ರೆಯಲ್ಲಿ ಪ್ರಚಲಿತವಾಗಿರುವ ಮಾತು. ವಿಮರ್ಶಕಿ ಮೇರಿ ಮೆಕಾರ್ಥಿ ನಾಟಕದ ಭಾಷೆಯನ್ನೂ ಅದರ ಜಡತೆಯನ್ನೂ ಕಠೋರವಾಗಿ ಟೀಕಿಸಿದರು. ಪುನರಾವರ್ತನೆ ಹೆಚ್ಚಾಯಿತೆಂಬ ಆಕ್ಷೇಪ ತಾಲೀಮಿನ ಕಾಲದಲ್ಲೇ ಎದ್ದಿತ್ತು. ನಿರ್ಮಾಪಕ ಸಂಸ್ಥೆಯ ಲಾರೆನ್ಸ್ ಲ್ಯಾಂಗ್ನರ್, ಒಂದೇ ವಿಚಾರ ಹದಿನೆಂಟು ಸಲ ಬಂದಿದೆಯೆಂದು ಎಣಿಸಿ ತೋರಿಸಿದಾಗ, ಹದಿನೆಂಟು ಸಲ ಬರಲೆಂದೇ ತಾನು ಬರೆದಿರುವುದಾಗಿ ಓನೀಲ್ ಉತ್ತರಿಸಿದನಂತೆ.

ಈ ಉತ್ತರವನ್ನು ಬರಿಯ ಹಠವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಆಲಂಕಾರಿಕರು ಪುನರುಕ್ತಿಯನ್ನು ಕಾವ್ಯದೋಷಗಳಲ್ಲಿ ಎಣಿಸಿದರು, ನಿಜ. ಆದರೆ ಭಾವದ ಅತಿಶಯವನ್ನು ಹೇಳಬೇಕಾದಲ್ಲಿ ಅದು ದೋಷವಲ್ಲ, ಅಲಂಕಾರವೇ ಸರಿ ಎಂದು ದಂಡಿಯು ವಿನಾಯಿತಿಯನ್ನೂ ಕೊಟ್ಟನು. ಓನೀಲನ ಪುನರುಕ್ತಿ ಈ ವಿನಾಯಿತಿಗೂ ಆಚೆಯದು. ಮನುಷ್ಯನು ತನಗೆ ತಾನೇ ಹೇಳಿಕೊಳ್ಳುವ ಸುಳ್ಳು ಒಮ್ಮೆ ಹೇಳಿದರೆ ನಿಲ್ಲುವಂಥದಲ್ಲ. ಅದನ್ನು ದಿನವೂ ಹೇಳಿಕೊಳ್ಳಬೇಕು, ಅದೇ ಮಾತುಗಳಲ್ಲಿ ಹೇಳಿಕೊಳ್ಳಬೇಕು. ಆ ದೈನಂದಿನ ಶ್ರಮವನ್ನು ನೋಡುಗನು ತನ್ನ ದೇಹದ ದಣಿವಿನಲ್ಲಿ ಅನುಭವಿಸದೆ, ಬುದ್ಧಿಯಿಂದ ಮಾತ್ರ ಗ್ರಹಿಸಿದರೆ ನಾಟಕ ಅವನನ್ನು ತಟ್ಟಿದಂತಾಗದು. ದೈರ್ಘ್ಯ ಇಲ್ಲಿ ವಸ್ತುವಿನಿಂದ ಬೇರೆಯಲ್ಲ. ಗಂಟೆಗಳನ್ನು ಎಣಿಸುತ್ತ ಕುಳಿತ ಪ್ರೇಕ್ಷಕನೂ ಆ ಅಂಗಡಿಯ ಒಬ್ಬ ನಿವಾಸಿಯೇ ಆಗುತ್ತಾನೆ.

ಹತ್ತು ವರ್ಷಗಳ ಅನಂತರ ನಡೆದದ್ದು ಈ ಮಾತಿಗೆ ಸಾಕ್ಷಿ. 1953ರಲ್ಲಿ ಓನೀಲ್ ತೀರಿಕೊಂಡಿದ್ದನು. ಅವನ ಕೀರ್ತಿ ಬಹುಮಟ್ಟಿಗೆ ಮಂಕಾಗಿತ್ತು. 1956ರ ಮೇ ತಿಂಗಳಲ್ಲಿ ಹೋಸೆ ಕಿಂಟೆರೊ ಎಂಬ ನಿರ್ದೇಶಕ, ಹಿಂದೆ ನೈಟ್‌ಕ್ಲಬ್ ಆಗಿದ್ದ ಸಣ್ಣದೊಂದು ರಂಗಸ್ಥಳದಲ್ಲಿ ಇದೇ ನಾಟಕವನ್ನು ಆಡಿಸಿದನು. ಹಿಕಿಯ ಪಾತ್ರಕ್ಕೆ ಜೇಸನ್ ರೋಬಾರ್ಡ್ಸ್ ಎಂಬ, ಆಗಿನ್ನೂ ಹೆಸರಾಗದ ನಟ. ಪ್ರೇಕ್ಷಕರು ಆಟದ ಜಾಗವನ್ನು ಸುತ್ತುವರಿದು ಹೆಂಡದಂಗಡಿಯೊಳಗೇ ಕುಳಿತಂತಿದ್ದರು. ಆ ಪ್ರಯೋಗ 565 ಪ್ರದರ್ಶನಗಳನ್ನು ಕಂಡಿತು. ಓನೀಲನಿಗೆ ಮರುಹುಟ್ಟು ದೊರೆಯಿತು, ರೋಬಾರ್ಡ್ಸ್‌ಗೆ ಹೆಸರು ಬಂತು. ಜನರಿಗೆ ಸಹನೆಯಿಲ್ಲವೆಂದು ಹೇಳಿ ನಾಟಕಗಳನ್ನು ಕತ್ತರಿಸುವವರು ಈ ಎರಡು ಸಂಖ್ಯೆಗಳನ್ನು ಒಟ್ಟಿಗಿಟ್ಟು ನೋಡುವುದು ಒಳ್ಳೆಯದು. 1946ರಲ್ಲಿ ಸೋತದ್ದು ದೈರ್ಘ್ಯವಾಗಿದ್ದರೆ 1956ರಲ್ಲೂ ಅದು ಸೋಲಬೇಕಾಗಿತ್ತು.

ಹಾಗಾದರೆ ಗೆದ್ದದ್ದು ನಟನೋ? ಪ್ರಶ್ನೆಯ ಕಠಿಣ ಭಾಗ ಇಲ್ಲಿಂದ ಮುಂದಿದೆ. ರೋಬಾರ್ಡ್ಸ್ ಬಳಿಕ ಹಿಕಿಯ ಪಾತ್ರ ಘಟಾನುಘಟಿ ನಟರ ಪಂದ್ಯದ ಕಣವಾಯಿತು. 1973ರ ಚಲನಚಿತ್ರದಲ್ಲಿ ಲೀ ಮಾರ್ವಿನ್, 1985ರ ಬ್ರಾಡ್‌ವೇ ಪ್ರಯೋಗದಲ್ಲಿ ಮತ್ತೆ ರೋಬಾರ್ಡ್ಸ್, 2012ರಲ್ಲಿ ಷಿಕಾಗೊದಲ್ಲಿ ನೇಥನ್ ಲೇನ್, 2018ರಲ್ಲಿ ಜಾರ್ಜ್ ಸಿ. ವುಲ್ಫ್ ನಿರ್ದೇಶನದಲ್ಲಿ ಡೆನ್ಜೆಲ್ ವಾಷಿಂಗ್ಟನ್. ತಾರೆಯ ಹೆಸರಿನಿಂದ ಟಿಕೆಟ್ಟುಗಳು ಮಾರಾಟವಾಗುತ್ತವೆ. ತಾರೆಯು ರಂಗವನ್ನು ಪ್ರವೇಶಿಸುತ್ತಲೇ ಚಪ್ಪಾಳೆ ತಟ್ಟುವುದು ಬ್ರಾಡ್‌ವೇಯ ರೂಢಿ. ಓನೀಲನಾದರೋ ಹಿಕಿಯನ್ನು ಮೊದಲ ಅಂಕ ಮುಗಿಯುವ ಹೊತ್ತಿಗಷ್ಟೇ ಒಳಗೆ ಬಿಡುತ್ತಾನೆ. ಅಲ್ಲಿಯವರೆಗೆ ರಂಗದ ಮೇಲಿನ ಕುಡುಕರು 'ಹಿಕಿ ಎಂದು ಬಂದಾನು' ಎಂದು ಕಾಯುತ್ತಾರೆ; ರಂಗದ ಕೆಳಗಿನವರು 'ತಾರೆ ಎಂದು ಬಂದಾನು' ಎಂದು ಕಾಯುತ್ತಾರೆ. ಅವನು ಬಂದಾಗ ಎರಡೂ ಕಡೆ ಒಂದೇ ಹರ್ಷೋದ್ಗಾರ. ನಮ್ಮನ್ನು ನಗಿಸಲು, ಮರೆಸಲು, ನಮ್ಮ ರಾತ್ರಿಯನ್ನು ಬೆಳಗಲು ಒಬ್ಬನು ಬಂದನೆಂಬ ಅದೇ ನಿರಾಳ. ತಾರೆಯನ್ನು ಕಾಣಬಂದ ಪ್ರೇಕ್ಷಕನು ತನಗೆ ತಿಳಿಯದೆಯೇ ಹ್ಯಾರಿ ಹೋಪನ ಗಿರಾಕಿಯ ವೇಷ ಧರಿಸಿರುತ್ತಾನೆ.

ಮುಂದಿನದು ಇನ್ನೂ ತೀಕ್ಷ್ಣವಾಗಿದೆ. ಪ್ರೀತಿಯಿಂದಲೇ, ಅವಳಿಗೆ ಶಾಂತಿ ಸಿಗಲೆಂದೇ ಹೆಂಡತಿಯನ್ನು ಕೊಂದೆನೆಂದು ಹೇಳುತ್ತ ಹೋಗುವ ಹಿಕಿಯ ಬಾಯಿಂದ, ಹೆಣದ ಮುಂದೆ ನಿಂತು ತಾನು ಆಡಿದ ದ್ವೇಷದ ಮಾತು ಹೊರಬಿದ್ದುಬಿಡುತ್ತದೆ. ತನ್ನ ಮಾತು ಕೇಳಿ ತಾನೇ ಬೆಚ್ಚಿದ ಅವನು, ಆಗ ತನಗೆ ಹುಚ್ಚು ಹಿಡಿದಿರಬೇಕೆನ್ನುತ್ತಾನೆ. ಕನಸು ಬಿಡಿಸಲು ಬಂದವನಿಗೂ ಕೊನೆಗೆ ಒಂದು ಕನಸು ಬೇಕಾಯಿತು. ಅಂಗಡಿಯ ಮಂದಿ ಆ ಒಂದು ಮಾತನ್ನು ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಹಿಡಿಯುತ್ತಾರೆ. ಅವನಿಗೆ ಹುಚ್ಚು, ಆದ್ದರಿಂದ ಅವನು ನಮ್ಮ ವಿಷಯದಲ್ಲಿ ಹೇಳಿದ್ದೆಲ್ಲವೂ ಹುಚ್ಚನ ಮಾತು. ಪೊಲೀಸರು ಹಿಕಿಯನ್ನು ಕರೆದೊಯ್ದ ಮೇಲೆ, ಇಷ್ಟು ಹೊತ್ತು ನೀರಾಗಿದ್ದ ಹೆಂಡಕ್ಕೆ ಮತ್ತೆ ಮತ್ತು ಬರುತ್ತದೆ. ಒಬ್ಬೊಬ್ಬನೂ ತನ್ನದೇ ಹಾಡನ್ನು ಹಾಡತೊಡಗಿ ಗದ್ದಲವಾಗುತ್ತದೆ.

ತೆರೆ ಬಿದ್ದಾಗ ಸಭಾಂಗಣದಲ್ಲಿ ಏನು ನಡೆಯುತ್ತದೆ? ಜನ ಎದ್ದು ನಿಲ್ಲುತ್ತಾರೆ. 'ಎಂಥ ನಟ! ಎಷ್ಟು ಮಾತು! ಎಂಥ ಶಕ್ತಿ!' ಎನ್ನುತ್ತಾರೆ. ಆ ಮೆಚ್ಚುಗೆ ಸುಳ್ಳಲ್ಲ. ಅಷ್ಟು ದೀರ್ಘವಾದ ನಿವೇದನೆಯನ್ನು ಉಸಿರು ತಪ್ಪದೆ, ಗತಿ ಕೆಡದೆ ಆಡುವುದು ಸಾಮಾನ್ಯ ಸಾಧನೆಯಲ್ಲ. ಆದರೆ 'ಅವನಿಗೆ ಹುಚ್ಚು' ಎಂಬ ಕುಡುಕರ ಮಾತೂ 'ಎಂಥ ನಟ' ಎಂಬ ನಮ್ಮ ಮಾತೂ ಮಾಡುವ ಕೆಲಸ ಒಂದೇ ಆಗಬಹುದು ಎಂಬುದು ನನ್ನ ಅಭಿಪ್ರಾಯ. ಕೇಳಿದ ಮಾತನ್ನು ಆಡಿದವನ ತಲೆಗೆ ಕಟ್ಟಿ, ಕೇಳಿಸಿಕೊಂಡವನು ಹಗುರಾಗಿ ಮನೆಗೆ ಹೋಗುವ ಉಪಾಯವದು. ಹುಚ್ಚನಿಗೆ ಉತ್ತರ ಕೊಡಬೇಕಾಗಿಲ್ಲ; ಮಹಾನಟನಿಗೂ ಉತ್ತರ ಕೊಡಬೇಕಾಗಿಲ್ಲ, ಚಪ್ಪಾಳೆ ಕೊಟ್ಟರೆ ಸಾಕು. ನಿನ್ನ 'ನಾಳೆ' ಯಾವುದು ಎಂಬ ಪ್ರಶ್ನೆ ಆ ಸದ್ದಿನಲ್ಲಿ ಅಡಗಿಹೋಗುತ್ತದೆ.

ಇದಕ್ಕೆ ನಟನನ್ನು ದೂಷಿಸಲಾಗದು. ದುರ್ಬಲ ನಟನ ಕೈಯಲ್ಲಿ ಈ ನಾಟಕ ನಿಲ್ಲಲಾರದೆಂಬುದನ್ನು ಮೊದಲ ಪ್ರಯೋಗವೇ ತೋರಿಸಿತು. 2018ರ ಪ್ರಯೋಗದಲ್ಲಿ ವಾಷಿಂಗ್ಟನ್ ಕೊನೆಯ ನಿವೇದನೆಯ ವೇಳೆಗೆ ಕುರ್ಚಿಯೊಂದನ್ನು ರಂಗದ ಅಂಚಿಗೆ ತಂದುಕೊಂಡು, ಸಂಗಡಿಗರಿಗೆ ಬೆನ್ನಾಗಿ ಪ್ರೇಕ್ಷಕರಿಗೇ ಮುಖಮಾಡಿ ಕುಳಿತು ಮಾತನಾಡಿದನು. ತಾರೆಯನ್ನು ತೀರ ಹತ್ತಿರದಿಂದ ಕಾಣುವ ಸುಖಕ್ಕಾಗಿ ಹಾಗೆ ಮಾಡಿದರೆಂದು ಕೆಲವರಿಗೆ ತೋರಬಹುದು. ನನಗೆ ತೋರುವುದು ಬೇರೆ: ಈ ಮಾತು ಅಂಗಡಿಯವರಿಗಲ್ಲ, ನಿಮಗೆ, ಎಂದು ನಿರ್ದೇಶಕನೂ ನಟನೂ ಸೇರಿ ವಿಳಾಸ ಬರೆದುಕೊಟ್ಟಂತಿತ್ತು. ವಿಳಾಸ ಸರಿಯಾಗಿದ್ದರೂ ಓಲೆಯನ್ನು ಬಿಡಿಸಿ ಓದುವುದು ಪಡೆದವನ ಇಚ್ಛೆಗೆ ಬಿಟ್ಟದ್ದು.

ಕನ್ನಡದ ಓದುಗನಿಗೆ ನಾಲ್ಕು ಗಂಟೆಯ ನಾಟಕ ಬೆರಗಿನ ಸಂಗತಿಯಲ್ಲ. ರಾತ್ರಿಯಿಡೀ ಬಯಲಾಟವನ್ನೂ ಯಕ್ಷಗಾನವನ್ನೂ ನೋಡಿ ಬೆಳಗಿನ ಜಾವ ಮನೆಗೆ ಮರಳಿದ ಪರಂಪರೆ ನಮ್ಮದು. ಇತ್ತೀಚೆಗೂ, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಸುಮಾರು ಒಂಬತ್ತು ಗಂಟೆಗಳ ಅಹೋರಾತ್ರಿ ನಾಟಕವಾದಾಗ ಜನ ಎಚ್ಚರವಿದ್ದು ನೋಡಿದರು. ಆದರೆ ಆ ಬಗೆಯ ದೈರ್ಘ್ಯಕ್ಕೂ ಓನೀಲನ ದೈರ್ಘ್ಯಕ್ಕೂ ವ್ಯತ್ಯಾಸವಿದೆ. ಆಟದಲ್ಲಿ ಕಥೆ ಪರಿಚಿತ; ನಡುವೆ ಒಂದು ನಿದ್ದೆ ತೆಗೆದು, ಚಹಾ ಕುಡಿದು ಬಂದರೂ ಪ್ರಸಂಗ ಕೈತಪ್ಪದು. ಹಾಡು, ಕುಣಿತ, ಹಾಸ್ಯ ದಣಿವನ್ನು ನೀಗುತ್ತವೆ. ಓನೀಲನದು ಬಿಡುಗಡೆಯಿಲ್ಲದ ದೈರ್ಘ್ಯ. ಒಂದೇ ಕೋಣೆ, ಅದೇ ಜನ, ಅದೇ ಮಾತು.

ನಟನಿಗಾಗಿ ನಾಟಕವನ್ನು ಮರೆಯುವ ಅಭ್ಯಾಸವಾದರೋ ನಮ್ಮಲ್ಲೂ ಹೊಸದಲ್ಲ. ಕಂಪನಿ ನಾಟಕಗಳ ಕಾಲದಲ್ಲಿ 'ಒನ್ಸ್ ಮೋರ್' ಎಂಬ ಕೂಗಿಗೆ ಓಗೊಟ್ಟು, ಸತ್ತು ಬಿದ್ದ ಪಾತ್ರವೇ ಎದ್ದು ಕುಳಿತು ಹಾಡಿದ ಕಥೆಗಳನ್ನು ಹಿರಿಯರು ನಗುತ್ತ ಹೇಳುತ್ತಾರೆ. ನಗೆಯ ಹಿಂದೆ ಒಂದು ಸತ್ಯವಿದೆ. ಸಭೆಯ ಪ್ರೀತಿ ಅಲ್ಲಿ ಮರಣವನ್ನೇ ರದ್ದುಮಾಡಿತು. ಸಂಗೀತಪ್ರಧಾನ ರಂಗಭೂಮಿಯಲ್ಲಿ ಅದು ಸಹ್ಯ; ಆ ನಾಟಕಗಳು ರಂಜನೆಯನ್ನೇ ವ್ರತವಾಗಿ ಹೊತ್ತಿದ್ದವು. ಮನುಷ್ಯನ ಆತ್ಮವಂಚನೆಯನ್ನೇ ವಸ್ತುವಾಗಿಸಿಕೊಂಡ ನಾಟಕದಲ್ಲಿ ಅದೇ ಪ್ರೀತಿ ವಂಚನೆಯ ಇನ್ನೊಂದು ರೂಪವಾಗುತ್ತದೆ.

ಓನೀಲ್ ಈ ಅಪಾಯವನ್ನು ಅರಿತೇ ಇದ್ದನೆಂದು ನಂಬಲು ನಾಟಕದೊಳಗೇ ಆಧಾರವಿದೆ. ಅಂಗಡಿಯಲ್ಲಿ ಲ್ಯಾರಿ ಸ್ಲೇಡ್ ಎಂಬ ಮಾಜಿ ಅರಾಜಕತಾವಾದಿಯಿದ್ದಾನೆ. ಚಳವಳಿಯನ್ನೂ ಹಂಬಲಗಳನ್ನೂ ತೊರೆದು, ಬದುಕಿನ ಆಟವನ್ನು ದೂರದಿಂದ ನೋಡುತ್ತ ಸಾವಿಗಾಗಿ ಕಾದಿರುವ ಬರಿಯ ಪ್ರೇಕ್ಷಕ ತಾನೆಂದು ಅವನು ಹೇಳಿಕೊಳ್ಳುತ್ತಾನೆ. ಆ ತಾಟಸ್ಥ್ಯವೇ ಅವನ ಹಗಲುಗನಸು. ತಾಯಿಗೆ ದ್ರೋಹ ಬಗೆದ ಪ್ಯಾರಿಟ್ ಎಂಬ ತರುಣನು ಅವನಿಂದ ತೀರ್ಪನ್ನು ಬೇಡುತ್ತ ಬೆನ್ನು ಬೀಳುತ್ತಾನೆ. ಕೊನೆಗೆ ತೀರ್ಪು ಕೊಡಲೇಬೇಕಾಗಿ ಬಂದು, ಆ ತರುಣನು ಮೇಲಿನಿಂದ ಹಾರಿಕೊಂಡ ಸದ್ದನ್ನು ಲ್ಯಾರಿ ಕಿಟಕಿಯ ಬಳಿ ಕುಳಿತು ಕೇಳುತ್ತಾನೆ. ಉಳಿದವರು ಹಾಡುತ್ತ ಗದ್ದಲ ಮಾಡುತ್ತಿರುವಾಗ ಅವನೊಬ್ಬನು ಮಾತ್ರ ಸುಮ್ಮನೆ ಕುಳಿತಿರುತ್ತಾನೆ. ಹಿಕಿಯ ಮಾತು ನಿಜವಾಗಿ ಮುಟ್ಟಿದ್ದು ಅವನೊಬ್ಬನನ್ನೇ.

ಭರತನು ಹೇಳಿದ ಎರಡು ಸಿದ್ಧಿಗಳೂ ಹೀಗೆ ಈ ನಾಟಕದ ಕೊನೆಯ ದೃಶ್ಯದಲ್ಲಿಯೇ ಎದುರುಬದುರಾಗಿ ನಿಂತಿವೆ: ಒಂದೆಡೆ ಗದ್ದಲದ ನಿರಾಳ, ಇನ್ನೊಂದೆಡೆ ಒಬ್ಬನ ಮೌನ. ಲ್ಯಾರಿಯ ಮೌನ ಸುಖದ್ದಲ್ಲ. ಅವನ ಪಾಡು ನಮಗೆ ಬರಲೆಂದು ಯಾರೂ ಹಾರೈಸಲಾರರು. ಆದರೂ ನಾಲ್ಕು ಗಂಟೆಗಳ ಕಾಲವನ್ನು ನಾಟಕಕ್ಕೆ ಕೊಟ್ಟ ಸಭೆಯು ತೆರೆ ಬಿದ್ದ ಮೇಲೆ ಒಂದೆರಡು ಕ್ಷಣಗಳನ್ನು ತನಗಾಗಿ ಉಳಿಸಿಕೊಂಡರೆ ನಟನಿಗೇನೂ ನಷ್ಟವಿಲ್ಲ. ಚಪ್ಪಾಳೆ ಆಮೇಲೂ ತಟ್ಟಬಹುದು. ಆ ಕ್ಷಣಗಳಲ್ಲಿ ಪಕ್ಕದವನ ಕಡೆ ತಿರುಗಿ ನಟನೆಯ ಗುಣಗಾನ ಮಾಡದೆ, ನಾಳೆ ಮಾಡುತ್ತೇನೆಂದು ತಾನು ಎಷ್ಟು ವರ್ಷಗಳಿಂದ ಹೇಳಿಕೊಂಡು ಬಂದಿರುವ ಕೆಲಸ ಯಾವುದು ಎಂದು ಒಬ್ಬನಾದರೂ ನೆನೆದರೆ, ಓನೀಲ್ ಹದಿನೆಂಟು ಸಲ ಹೇಳಿದ್ದು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.