ಪಿನ್ನಿಗೆ ಸಿಕ್ಕಿಸಿದ ನೋಟು
ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಎರೆನಾಡಿನಲ್ಲಿ ಕಡಲೆ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಜಾತ್ರೆಗಳು, ಜಾತ್ರೆ ಎಂದ ಮೇಲೆ ರಾತ್ರಿಯ ನಾಟಕ. ಪಾತ್ರ ಮಾಡುವ ಹುಡುಗರೇ ಪಟ್ಟಿ ಹಾಕಿ ಪೇಟಿ ಮಾಸ್ತರರಿಗೆ, ಸೀನರಿಗೆ, ಹೊರಗಿನಿಂದ ಬರುವ ಕಲಾವಿದೆಯರಿಗೆ ದುಡ್ಡು ಹೊಂದಿಸುತ್ತಾರೆ. ಇದು ದುಂದು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೊಬೈಲಿಗೆ ಹಾಕಿಸಿದ ರೀಚಾರ್ಜು ತಿಂಗಳಿಗೆ ಕರಗುತ್ತದೆ. ಎರಡು ತಿಂಗಳ ತಾಲೀಮಿನಲ್ಲಿ ಬಾಯಿಪಾಠವಾದ ಮಾತು ಮುಪ್ಪಿನ ತನಕ ನಾಲಗೆಯ ಮೇಲಿರುತ್ತದೆ. ನಾಟಕದ ದುಡ್ಡು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಗದಗ ಕಂಡಿದೆ: ಪಂಚಾಕ್ಷರ ಗವಾಯಿಗಳು ನಾಟಕ ಕಂಪನಿ ಕಟ್ಟಿ, ಅದರ ಗಳಿಕೆಯಿಂದ ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಆ ಕೆಲಸವನ್ನು ಮುಂದುವರಿಸಿದರು. ಜಾತ್ರೆಯ ನಾಟಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಹೇರಿಯ, ಅಂದರೆ ಪಾತ್ರಧಾರಿಗೆ ಕಾಣಿಕೆ ಕೊಡುವ, ಗಳಿಗೆ. ಪ್ರವೇಶದ ನಡುವೆಯೇ ಆಟ ನಿಲ್ಲುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಸೋದರಮಾವ ಚಪ್ಪಲಿ ಬಿಟ್ಟು ರಂಗವೇರಿ ಖಳನಾಯಕನ ಎದೆಗೆ ನೂರರ ನೋಟನ್ನು ಪಿನ್ನಿನಿಂದ ಸಿಕ್ಕಿಸುತ್ತಾನೆ. ಮೀಸೆ ಅಂಟಿಸಿಕೊಂಡ ಆ ಹುಡುಗ ಅಲ್ಲೇ ಬಾಗಿ ಮಾವನ ಕಾಲು ಮುಟ್ಟಿ, ಮತ್ತೆ ಕತ್ತಿ ಎತ್ತಿ ಗರ್ಜಿಸುತ್ತಾನೆ.