ಕಾರಿನೊಳಗಿನ ಊಟ, ಚಕ್ಕಡಿ ನೆರಳಿನ ಬುತ್ತಿ

ಕಾರಿನ ಆಕಾರದ ಮೇಜು, ಟಾಯರಿನ ಕುರ್ಚಿ, ಗೋಡೆಯಿಂದ ಹೊರಗೆ ಮೂತಿ ಚಾಚಿದ ಹಳೆಯ ಅಂಬಾಸಡರ್. ಇಂಥ ಹೊಟೇಲಿನ ಚಿತ್ರವನ್ನು ಮಕ್ಕಳು ಎಲ್ಲಿಯಾದರೂ ಒಮ್ಮೆ ನೋಡಿಬಿಟ್ಟರೆ ಮುಗಿಯಿತು, ಮುಂದಿನ ಹುಟ್ಟುಹಬ್ಬಕ್ಕೆ ಅಲ್ಲಿಗೇ ಹೋಗಬೇಕೆಂಬ ಹಟ ಶುರುವಾಗುತ್ತದೆ. ನವಲಗುಂದದ ಅಥವಾ ಕುಂದಗೋಳದ ಮನೆಯೊಂದರಲ್ಲಿ ಈ ಹಟ ಎದ್ದಾಗ ತಂದೆ ಕೇಳುವ ಮೊದಲ ಪ್ರಶ್ನೆ, ‘ಎಷ್ಟ ಆಗತೈತಿ?’ ತಾಯಿ ಕೇಳುವುದು, ‘ಅಲ್ಲಿ ರೊಟ್ಟಿ ಸಿಗತಾವೇನು?’ ಮಗುವಿನದೂ ಒಂದು ಪ್ರಶ್ನೆ ಇರುತ್ತದೆ. ಅದನ್ನು ಅದು ಗಟ್ಟಿಯಾಗಿ ಕೇಳುವುದಿಲ್ಲ: ನಮ್ಮ ಮನೆಯಲ್ಲಿ ಕಾರಿಲ್ಲವಲ್ಲ, ಒಳಗೆ ಬಿಡುತ್ತಾರೆಯೇ?

ಮೂರೂ ಒಳ್ಳೆಯ ಪ್ರಶ್ನೆಗಳೇ. ಆದರೆ ಮೂರನೆಯದಕ್ಕೆ ಉತ್ತರ ಹುಡುಕಲು ಹೊರಟರೆ ಮೊದಲು ಅಮೆರಿಕೆಗೂ ಅಲ್ಲಿಂದ ಮದರಾಸಿಗೂ ಹೋಗಿಬರಬೇಕಾಗುತ್ತದೆ.

ಕಾರಿನಿಂದ ಇಳಿಯದೆಯೇ ಊಟ ಮಾಡುವ ಹೊಟೇಲು ಹುಟ್ಟಿದ್ದು 1921ರಲ್ಲಿ, ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಹೆದ್ದಾರಿ ಬದಿಯಲ್ಲಿ. ಅದರ ಹೆಸರು ‘ಪಿಗ್ ಸ್ಟ್ಯಾಂಡ್’. ಕಾರು ಕೊಂಡವರು ಅದರಿಂದ ಕೆಳಗಿಳಿಯಲೂ ಸೋಮಾರಿಗಳಾಗುತ್ತಾರೆ ಎಂಬುದು ಅದರ ಸ್ಥಾಪಕರಲ್ಲೊಬ್ಬನಾದ ಕಿರ್ಬಿಯ ಲೆಕ್ಕಾಚಾರ. ಲೆಕ್ಕ ತಪ್ಪಲಿಲ್ಲ. ಆಗಿನ ಕಾರುಗಳಿಗೆ ಬಾಗಿಲ ಕೆಳಗೆ ಕಾಲಿಡಲು ಒಂದು ಪಟ್ಟಿ ಇರುತ್ತಿತ್ತು. ಕಾರು ಇನ್ನೂ ನಿಲ್ಲುವ ಮೊದಲೇ ಹೊಟೇಲಿನ ಹುಡುಗರು ಆ ಪಟ್ಟಿಯ ಮೇಲೆ ಚಂಗನೆ ಹಾರಿ ನಿಂತು ಏನು ಬೇಕೆಂದು ಕೇಳುತ್ತಿದ್ದರು. ಹಾಗೆ ಹಾರುವವರಿಗೆ ‘ಕಾರ್‌ಹಾಪ್’ ಎಂದೇ ಹೆಸರು ಬಿತ್ತು. ಹೆಚ್ಚು ಗಿರಾಕಿ, ಹೆಚ್ಚು ಬಕ್ಷೀಸು. ಆದ್ದರಿಂದ ಹೆಚ್ಚು ಹಾರಾಟ.

ಮುಂದೆ ಈ ಹಾರುವವರ ಗತಿ ಏನಾಯಿತು ಎಂಬುದನ್ನೂ ಹೇಳಿಬಿಡಬೇಕು. ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ಊರಿನಲ್ಲಿ ಮ್ಯಾಕ್‌ಡೊನಾಲ್ಡ್ ಸಹೋದರರಿಬ್ಬರು 1940ರಲ್ಲಿ ಇಂಥದೇ ಹೊಟೇಲು ತೆರೆದಿದ್ದರು. ವ್ಯಾಪಾರ ಚೆನ್ನಾಗಿತ್ತು. ಆದರೂ 1948ರಲ್ಲಿ ಕೆಲವು ತಿಂಗಳು ಬಾಗಿಲು ಮುಚ್ಚಿ, ಕಾರಿನ ಬಳಿಗೆ ತಿಂಡಿ ಒಯ್ಯುತ್ತಿದ್ದ ಹುಡುಗಿಯರನ್ನು ಕೆಲಸದಿಂದ ತೆಗೆದರು. ಒಡೆಯುವ, ಕಳುವಾಗುವ ತಟ್ಟೆ ಲೋಟಗಳಿಗೆ ಬದಲು ಕಾಗದದ ಪೊಟ್ಟಣ, ಕಾಗದದ ಲೋಟ ತಂದರು. ತಿನ್ನುವವನೇ ಕಿಟಕಿಗೆ ಬಂದು ತೆಗೆದುಕೊಂಡು ಹೋಗಬೇಕು. ಹ್ಯಾಂಬರ್ಗರಿಗೆ 15 ಸೆಂಟು. ಇಂದು ಜಗತ್ತಿಗೆಲ್ಲ ಗೊತ್ತಿರುವ ಆ ಹೆಸರಿನ ನಿಜವಾದ ಆರಂಭ ಇದೇ. ಬಡಿಸುವ ಮನುಷ್ಯನನ್ನು ಕಳೆದರೆ ಬೆಲೆ ಇಳಿಯುತ್ತದೆ ಎಂಬ ಗಣಿತ ಅಲ್ಲಿ ಪಾಸಾಯಿತು. ಪಾಸಾದದ್ದು ಗಣಿತ; ಆ ಹುಡುಗಿಯರ ಪಾಡನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇನ್ನು ಮದರಾಸಿಗೆ ಬರೋಣ. ಅಲ್ಲಿ ಕೆಥೆಡ್ರಲ್ ರಸ್ತೆಯ ದೊಡ್ಡ ಮರಗಳ ಕೆಳಗೆ 1962ರಲ್ಲಿ ‘ವುಡ್‌ಲ್ಯಾಂಡ್ಸ್ ಡ್ರೈವ್-ಇನ್’ ಪ್ರಾರಂಭವಾಯಿತು. ತೆರೆದವರು ಕೆ. ಕೃಷ್ಣರಾಯರು, ದಕ್ಷಿಣ ಕನ್ನಡದ ಕಡಂದಲೆಯವರು. ಬಡತನದಲ್ಲಿ ಹುಟ್ಟಿ, ಅಡುಗೆಮನೆಯ ಸಣ್ಣಪುಟ್ಟ ಕೆಲಸಗಳಿಂದ ಮೇಲೆ ಬಂದು, ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೆಸರನ್ನು ಕಟ್ಟಿದವರು. ಉಡುಪಿ ಹೊಟೇಲು ಎಂದರೆ ಇಡ್ಲಿ, ದೋಸೆ, ಶುಚಿ ಎಂದು ದೇಶವೆಲ್ಲ ತಿಳಿಯುವಂತೆ ಮಾಡಿದ ತಲೆಮಾರಿನ ಮುಂದಾಳು ಅವರು.

1962ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಕಾರುಗಳೆಷ್ಟಿದ್ದವು? ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಹೇಳಿದರೆ ಹೆಸರುಗಳ ಪಟ್ಟಿ ಬಹುಮಟ್ಟಿಗೆ ಮುಗಿಯಿತು. ದುಡ್ಡಿದ್ದವನೂ ಕಾರು ಕೊಳ್ಳಲು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿದ್ದ ಕಾಲ. ಮಾರುತಿ 800 ರಸ್ತೆಗಿಳಿಯಲು 1983ರ ಡಿಸೆಂಬರ್‌ವರೆಗೂ ಕಾಯಬೇಕಾಯಿತು. ಅಂಥ ದಿನಗಳಲ್ಲಿ ಕಾರಿನವರಿಗೆಂದೇ ಹೊಟೇಲು ತೆರೆಯುವುದು ಎದೆಗಾರಿಕೆಯ ಮಾತೇ ಸರಿ.

ಅಲ್ಲಿಯ ಅನುಭವ ಹೀಗಿರುತ್ತಿತ್ತು. ಕಾರನ್ನು ಮರದ ನೆರಳಿಗೆ ತಂದು ನಿಲ್ಲಿಸಿದರೆ ಮಾಣಿ ಬರುತ್ತಾನೆ. ಬೇಕಾದ್ದನ್ನು ಕೇಳಿಕೊಂಡು ಹೋಗಿ, ತಿಂಡಿಯೊಡನೆ ಒಂದು ಉದ್ದನೆಯ ತಟ್ಟೆಯನ್ನು ತಂದು ಕಿಟಕಿಗೆ ಸಿಕ್ಕಿಸುತ್ತಾನೆ. ಸಿಕ್ಕಿಸುವ ಈ ತಟ್ಟೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಗಮನಿಸಬೇಕು. ಅದಕ್ಕೆ ಮೇಲೆ ಎರಡು ಕೊಕ್ಕೆ, ಕೆಳಗೆ ಒಂದು ಊರುಗೋಲು. ಕೊಕ್ಕೆಗಳು ಕಿಟಕಿಯ ಅಂಚನ್ನು ಹಿಡಿದು ತಟ್ಟೆ ಹೊರಕ್ಕೆ ಮಗುಚದಂತೆ ಎಳೆದಿಟ್ಟರೆ, ಊರುಗೋಲು ಬಾಗಿಲಿಗೆ ಒತ್ತಿ ನಿಲ್ಲುತ್ತದೆ. ಭಾರವೆಲ್ಲ ಬಾಗಿಲ ಹತ್ತಿರವಿದ್ದರೆ ಕ್ಷೇಮ. ಬಿಸಿ ಸಾಂಬಾರಿನ ಬಟ್ಟಲನ್ನು ತಟ್ಟೆಯ ಹೊರತುದಿಗೆ ಇಟ್ಟಷ್ಟೂ ಅದರ ತಿರುಗಿಸುವ ಬಲ ಹೆಚ್ಚುತ್ತದೆ. ಸನ್ನೆಕೋಲಿನ ಪಾಠವನ್ನು ಒಂಬತ್ತನೆಯ ಈಯತ್ತೆಯಲ್ಲಿ ಬಾಯಿಪಾಠ ಮಾಡಿ ಮರೆತವರಿಗೆ ಒಂದು ಪ್ಲೇಟು ವಡೆ ಸಾಂಬಾರು ಅದನ್ನು ಚೆನ್ನಾಗಿ ನೆನಪಿಸಬಲ್ಲದು. ತಟ್ಟೆ ಇರುವವರೆಗೆ ಆ ಬದಿಯ ಬಾಗಿಲು ತೆರೆಯುವಂತಿಲ್ಲ. ಹಿಂದಿನ ಸೀಟಿನ ಮಗುವಿಗೆ ಚಟ್ನಿ ಬೇಕೆಂದರೆ ಅದು ಅಪ್ಪನ ಭುಜ ದಾಟಿಯೇ ಹೋಗಬೇಕು. ಕಾರಿನ ಊಟ ಚಿತ್ರದಲ್ಲಿ ಕಂಡಷ್ಟು ಸಲೀಸಲ್ಲ.

ಸ್ವಾರಸ್ಯ ಇರುವುದು ಇನ್ನೊಂದು ಕಡೆ. ಹೆಸರು ಕಾರಿನವರದಾದರೂ ಒಳಗೆ ಮೇಜು ಕುರ್ಚಿ ಹಾಕಿದ ಜಾಗವೂ ಇತ್ತು. ಸ್ಕೂಟರಿನವರು, ಸೈಕಲ್ಲಿನವರು, ಬಸ್ಸಿಳಿದು ನಡೆದು ಬಂದವರು ಅಲ್ಲಿ ಕೂಡುತ್ತಿದ್ದರು. ಔಷಧ ಕಂಪನಿಗಳ ಪ್ರತಿನಿಧಿಗಳು, ಬರಹಗಾರರು, ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಒಂದು ಕಾಫಿಯ ಮೇಲೆ ತಾಸುಗಟ್ಟಲೆ ಕಳೆಯುತ್ತಿದ್ದರೆಂದೂ, ಎದ್ದು ಹೋಗಿ ಎಂದು ಯಾರೂ ಅನ್ನುತ್ತಿರಲಿಲ್ಲವೆಂದೂ ಹಳೆಯ ಗಿರಾಕಿಗಳು ಇಂದಿಗೂ ನೆನೆಯುತ್ತಾರೆ. ಕಾರಿನ ಹೊಟೇಲಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕುಳಿತವರು ಕಾರಿಲ್ಲದವರೇ! ಮಗುವಿನ ಆ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಜಾಗ ಸರಕಾರಕ್ಕೆ ಮರಳಿ, 2008ರಲ್ಲಿ ಹೊಟೇಲು ಮುಚ್ಚಿತು. 2010ರಲ್ಲಿ ಅಲ್ಲಿ ‘ಸೆಮ್ಮೊಳಿ ಪೂಂಗಾ’ ಎಂಬ ಸಸ್ಯೋದ್ಯಾನ ತಲೆಯೆತ್ತಿತು. ಬೆಂಗಳೂರಿನ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೊಟೇಲು ಕೂಡ ಮರದ ನೆರಳಲ್ಲಿ ಕಾರಿಗೇ ದೋಸೆ ತಂದುಕೊಡುವುದಕ್ಕೆ ಹೆಸರಾದದ್ದೇ.

ಮಕ್ಕಳು ಚಿತ್ರದಲ್ಲಿ ನೋಡುವ ಹೊಟೇಲುಗಳು ಇವಲ್ಲ. ಅವು ಬೇರೆ ಜಾತಿಯವು. ಅಲ್ಲಿ ಕಾರು ಬರುವುದಿಲ್ಲ, ಕಾರಿನ ವೇಷ ಹಾಕಿದ ಮೇಜು ಇರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರು 1991ರಲ್ಲಿ ತೆರೆದ ‘ಸೈ-ಫೈ ಡೈನ್-ಇನ್’ ಇಂಥವುಗಳಲ್ಲಿ ಪ್ರಸಿದ್ಧ. ಒಳಗೆ ಸದಾ ರಾತ್ರಿ, ಮೇಲೆ ವಿದ್ಯುತ್ ನಕ್ಷತ್ರಗಳು, ಎದುರಿಗೆ ಪರದೆಯ ಮೇಲೆ ಹಳೆಯ ಸಿನಿಮಾ ತುಣುಕುಗಳು. 1950ರ ದಶಕದ ಕಾರುಗಳಂತೆ ಮಾಡಿದ ಆಸನಗಳಲ್ಲಿ ಜನ ಸಾಲಾಗಿ ಪರದೆಯ ಕಡೆಗೆ ಮುಖ ಮಾಡಿ ಕೂಡುತ್ತಾರೆ. ನೋಡಲು ಬಲು ಚೆಂದ. ಆದರೆ ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿನವರ ಬೆನ್ನು. ಅಪ್ಪ ಅಮ್ಮ ಮುಂದೆ, ಮಕ್ಕಳು ಹಿಂದೆ ಕುಳಿತರೆ ಊಟ ಮುಗಿಯುವವರೆಗೂ ಒಬ್ಬರ ಮುಖ ಒಬ್ಬರು ನೋಡಬೇಕೆಂದರೆ ಕತ್ತು ಹೊರಳಿಸಬೇಕು. ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಹೋಗುವುದು ಇದಕ್ಕೇನು? ಒಂದು ಸಲ ನೋಡಿ ಬಂದರೆ ಸಾಕು ಎನ್ನಿಸುವ ಸಂಗತಿ.

ಹೆದ್ದಾರಿಗಳು ಧಾರವಾಡ ಸೀಮೆಯ ಹಳ್ಳಿಗಳಿಗೂ ಈ ರುಚಿ ಹಚ್ಚಿವೆ. ಇಂದು 52ನೆಯ ರಾಷ್ಟ್ರೀಯ ಹೆದ್ದಾರಿ ವಿಜಯಪುರದ ಕಡೆಯಿಂದ ನವಲಗುಂದ ದಾಟಿ ಹುಬ್ಬಳ್ಳಿಗೆ ಬಂದು, ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯ ಮೇಲೆ ಅಂಕೋಲೆಗೆ ಇಳಿಯುತ್ತದೆ. ಅಣ್ಣಿಗೇರಿ ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿದೆ. ಹೆದ್ದಾರಿ ಬಂದಲ್ಲಿ ಧಾಬಾ ಬರುತ್ತದೆ. ಧಾಬಾ ಬಂದಲ್ಲಿ ಬಣ್ಣ ಬಳಿದ ಟಾಯರು, ಲಾರಿಯ ದೀಪಗಳ ಅಲಂಕಾರ ಬರುತ್ತದೆ. ಬರಲಿ. ಖಾನಾವಳಿಯ ಗಿರಾಕಿ ಮಾತ್ರ ಇದಕ್ಕೆಲ್ಲ ಅಷ್ಟು ಬೇಗ ಸೋಲುವವನಲ್ಲ. ತಟ್ಟೆಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಲೆ, ಶೇಂಗಾ ಚಟ್ನಿ, ಮೊಸರು ಬಿತ್ತೋ ಇಲ್ಲವೋ ಎಂಬುದಷ್ಟೇ ಅವನ ಅಳತೆ. ಗೋಡೆಯ ಮೇಲೆ ಏನಿದೆ ಎಂದು ಕೇಳಿದರೆ ಕ್ಯಾಲೆಂಡರು ಎಂದಾನು.

ಹಾಗೆ ನೋಡಿದರೆ ಗಾಡಿಯನ್ನು ಊಟದ ಮನೆ ಮಾಡಿಕೊಳ್ಳುವುದು ಈ ಸೀಮೆಗೆ ಹೊಸತೇ ಅಲ್ಲ. ಸೀಗಿ ಹುಣ್ಣಿಮೆ, ಎಳ್ಳಮಾಸಿ ಬಂದರೆ ಎರಿ ಹೊಲಗಳ ದಾರಿಯಲ್ಲಿ ಚಕ್ಕಡಿಗಳ ಸಾಲು. ಎತ್ತುಗಳಿಗೆ ಕೋಡಣಸು, ಗೆಜ್ಜೆ, ಜೂಲು. ಗಾಡಿಯಲ್ಲಿ ಹಾಸಿದ ಜಮಖಾನ, ನವಲಗುಂದದ್ದಾದರೆ ಇನ್ನೂ ಠೀವಿ. ಬುಟ್ಟಿಗಳಲ್ಲಿ ಸಜ್ಜಿ ಕಡಬು, ಹೋಳಿಗೆ, ಕಡಕ್ ರೊಟ್ಟಿ, ಪುಂಡಿ ಪಲ್ಲೆ, ಕರಿಂಡಿ. ಮೊದಲು ಹೊಲದ ತುಂಬ ಚರಗ ಚೆಲ್ಲಬೇಕು. ಭೂಮಿತಾಯಿಗೆ ಮುಟ್ಟಿದ ಮೇಲೆಯೇ ಮನುಷ್ಯರ ಊಟ. ಬಿಸಿಲೇರಿದರೆ ಚಕ್ಕಡಿಯ ನೆರಳೇ ಛತ್ರ. ಅಲ್ಲಿ ಎಲ್ಲರೂ ದುಂಡಗೆ ಕೂಡುತ್ತಾರೆ. ಪಕ್ಕದ ಹೊಲದವರನ್ನೂ ಕೂಗಿ ಕರೆಯುತ್ತಾರೆ. ಈಗ ಅನೇಕ ಕಡೆ ಚಕ್ಕಡಿಯ ಬದಲು ಟ್ರ್ಯಾಕ್ಟರಿನ ಟ್ರೇಲರು ಬಂದಿದೆ, ಬುತ್ತಿ ಬದಲಾಗಿಲ್ಲ.

ಮಕ್ಕಳ ಹಟಕ್ಕೆ ಬೇಡ ಎನ್ನಬೇಕೆಂದು ಈ ಮಾತಲ್ಲ. ವರ್ಷಕ್ಕೊಮ್ಮೆ ಕಾರಿನ ಮೇಜಿನ ಮುಂದೆ ಕುಳಿತು ಬರಲಿ, ಏನೂ ಕೆಡುವುದಿಲ್ಲ. ಆದರೆ ಹೋಗುವ ಮುನ್ನ ತಂದೆ ತಾಯಿ ಮಗುವಿನೊಡನೆ ಬೆಲೆಯ ಪಟ್ಟಿ ನೋಡಿ, ಇದರಲ್ಲಿ ಊಟಕ್ಕೆಷ್ಟು, ನೋಟಕ್ಕೆಷ್ಟು ಎಂದು ಲೆಕ್ಕ ಹಾಕಿಸುವುದು ಒಳ್ಳೆಯದು. ಅದೇ ಪದಾರ್ಥ ಖಾನಾವಳಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ಅವನೇ ಕಳೆದು ಹೇಳಲಿ. ಉಳಿದದ್ದು ಟಾಯರಿನ ಬಾಡಿಗೆ. ಕೊಡಬೇಕೆನಿಸಿದರೆ ತಿಳಿದು ಕೊಡಬಹುದು. ನಿಜವಾದ ಕಾರಿನೊಳಗೇ ಕುಳಿತು ತಿನ್ನುವವರಿಗೆ ಇನ್ನೊಂದು ಎಚ್ಚರಿಕೆ: ತಂಪಿಗಾಗಿ ಎಂಜಿನ್ ಚಾಲೂ ಇಟ್ಟು, ಗ್ಯಾರೇಜಿನಂಥ ಮುಚ್ಚಿದ ಜಾಗದಲ್ಲಿ ಕೂಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಓಡುವ ಗಾಡಿಯಲ್ಲಿ ಸಣ್ಣ ಮಕ್ಕಳಿಗೆ ಶೇಂಗಾ, ಪುಠಾಣಿ ಕೊಡುವುದೂ ಅಪಾಯವೇ; ಒಂದು ಕುಲುಕಿಗೆ ಗಂಟಲಲ್ಲಿ ಸಿಕ್ಕಿಕೊಂಡೀತು.

ಮತ್ತೆ, ತಟ್ಟೆ ತಂದಿಟ್ಟವನ ಮುಖವನ್ನೊಮ್ಮೆ ನೋಡಬೇಕು. ಒಂದು ಕಾಲಕ್ಕೆ ನಾಡಿನ ಹೊಟೇಲುಗಳಲ್ಲಿ ಲೋಟ ತೊಳೆಯುವ, ಮೇಜು ಒರೆಸುವ ಹುಡುಗರು ಬಹಳ ಮಂದಿ ಶಾಲೆಯಲ್ಲಿರಬೇಕಾದವರೇ ಆಗಿದ್ದರು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರ ಕತೆಗಳನ್ನು ಹೆಮ್ಮೆಯಿಂದ ಹೇಳುತ್ತೇವೆ. ಓದಲಾಗದೆ ಅಲ್ಲೇ ಉಳಿದವರ ಕತೆ ಹೇಳಲು ಯಾರೂ ಇಲ್ಲ. 1986ರ ಬಾಲಕಾರ್ಮಿಕ ಕಾಯಿದೆಯಡಿ ಹೊಟೇಲು, ಧಾಬಾ, ಮನೆಗೆಲಸಗಳಿಗೆ 14 ವರ್ಷದೊಳಗಿನವರನ್ನು ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಬಡಿಸುವ ಹುಡುಗ ತಮ್ಮ ಮಗನಿಗಿಂತ ಚಿಕ್ಕವನಂತೆ ಕಂಡರೆ ‘ಯಾವ ಸಾಲಿ ತಮ್ಮಾ?’ ಎಂದು ಕೇಳಬಹುದು. ಉತ್ತರ ಸರಿ ಬಾರದಿದ್ದರೆ 1098ಕ್ಕೆ ಒಂದು ಫೋನು. ಅದಕ್ಕೆ ದುಡ್ಡು ಬೀಳುವುದಿಲ್ಲ.