ಕಿಯೋ ಗಣಕಯಂತ್ರ
ಕಿಯೋ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು 2025ರ ನವೆಂಬರ್‌ನಲ್ಲಿ ಬೆಂಗಳೂರು ತಂತ್ರಜ್ಞಾನ ಶೃಂಗಸಭೆಯಲ್ಲಿ ಬಿಡುಗಡೆ ಮಾಡಿದ ಅಗ್ಗದ ಕಿರುಗಣಕವಾಗಿದೆ. ಇದರ ಬೆಲೆ 18,999 ರೂಪಾಯಿ. ರಿಸ್ಕ್-ಫೈವ್ ಸಂಸ್ಕಾರಕ ಹಾಗೂ ಉಬುಂಟು ಕಾರ್ಯಾಚರಣ ವ್ಯವಸ್ಥೆಯನ್ನು ಹೊಂದಿದೆ. ರಾಜ್ಯದ ಪಠ್ಯಕ್ರಮವನ್ನು ಆಧರಿಸಿದ ಇದರ ಕೃತಕ ಬುದ್ಧಿಮತ್ತೆಯ ಸಹಾಯಕ 'ಬುದ್ಧ್' ಅಂತರಜಾಲವಿಲ್ಲದೆಯೂ ಉತ್ತರಿಸಬಲ್ಲದು. ಧಾರವಾಡ ತಾಲ್ಲೂಕಿನ ಮುಗದದಂತಹ ಗ್ರಾಮಗಳ ವಿದ್ಯಾರ್ಥಿಗಳಿಗೆ ಬೆಲೆಗಿಂತ ಈ ಸೌಲಭ್ಯವೇ ಗಮನಾರ್ಹವಾದುದು.

ಬೆಲೆಯ ವಿಷಯದಲ್ಲಿ ಆಕ್ಷೇಪಕ್ಕೆ ಎಡೆಯಿದೆ. ಕಿಯೋಗೆ ಪರದೆಯನ್ನು ಪ್ರತ್ಯೇಕವಾಗಿ ಜೋಡಿಸಬೇಕು. 2023ರ ಜುಲೈನಲ್ಲಿ ಪ್ರಕಟವಾದ ಪರಿಷ್ಕೃತ ಜಿಯೋಬುಕ್ ಲ್ಯಾಪ್‌ಟಾಪ್ ಪರದೆ, ಕೀಲಿಮಣೆ, ಬ್ಯಾಟರಿಗಳ ಸಮೇತ 16,499 ರೂಪಾಯಿಗೆ ದೊರೆತಿತ್ತು. ಮನೆಯಲ್ಲಿ ಟಿ.ವಿ. ಇದ್ದವರಿಗೆ ಈ ತೊಡಕು ಕಡಿಮೆ. ಸಂಜೆ ಧಾರಾವಾಹಿಯ ಹೊತ್ತಿನಲ್ಲಿ ಅದು ಮಕ್ಕಳ ಅಭ್ಯಾಸಕ್ಕೆ ಸಿಗುವುದೇ ಎಂಬುದು ಬೇರೆ ಮಾತು. ವಿಂಡೋಸ್‌ಗಾಗಿ ರಚಿತವಾದ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯುವುದಿಲ್ಲವಾದ್ದರಿಂದ, ಅವುಗಳಿಗೆ ಒಗ್ಗಿದ ಶಿಕ್ಷಕರಿಗೂ ತರಬೇತಿ ಬೇಕಾಗುತ್ತದೆ.